ಅಕ್ಕನ ಕಿವಿಯ ಚಿನ್ನ

ಇವತ್ತು ಕೊನೇ ದಿನ ಅಲ್ವೇನೋ ಪುಟ್ಟ, ಎಂದು ಅಕ್ಕ ಬಚ್ಚಲಮನೆಯ ಬಾಗಿಲ ಆಚೆಯಿಂದ ಕೇಳಿದಾಗ ಅವನು ಗಲ್ಲಕ್ಕೆಲ್ಲ ಸೋಪಿನ ನೊರೆ ಬಳಿದುಕೊಂಡು ಕನ್ನಡಿಯ ಮುಂದೆ ನಿಂತಿದ್ದ. ಕೇಳಿಸಿತು. ಒಂದಕ್ಷರ ಬಿಡದೆ ಕೇಳಿಸಿತು. ಆದರೂ ಕೈ ತಾನಾಗಿ ಹೋಗಿ ನಲ್ಲಿಯನ್ನು ಇನ್ನೊಂದು ಸುತ್ತು ತಿರುಗಿಸಿತು. ನೀರು ಬೇಸಿನ್ನಿನ ತಳಕ್ಕೆ ರಪರಪ ಬಡಿಯತೊಡಗಿದ ಮೇಲೆ ಅವನಿಗೆ ನೆನಪಾಯಿತು: ನಲ್ಲಿಯ ಸದ್ದಿಗೇ ಅಲ್ಲವೇ ಮೊನ್ನೆ ಅಕ್ಕ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಅಡುಗೆಮನೆಯಿಂದ ಎದ್ದು ಬಂದದ್ದು, ತಲೆಯೊಳಗೆ ಯಾರೋ ತಗಡು ಉಜ್ಜಿದ ಹಾಗಾಗುತ್ತೆ ಕಣೋ ಅಂದದ್ದು. ಥತ್, ಎಂದುಕೊಂಡು ನಲ್ಲಿ ನಿಲ್ಲಿಸಿದ. ನಿಲ್ಲಿಸಿದರೆ ಮನೆಯೆಲ್ಲ ನಿಶ್ಶಬ್ದ. ಬಾಗಿಲ ಕೆಳಗಿನ ಸಂದಿನಲ್ಲಿ ಅಕ್ಕನ ಪಾದಗಳ ನೆರಳು ಇದ್ದ ಹಾಗೇ ಇತ್ತು. ಅವಳು ಎರಡನೆಯ ಸಲ ಕೇಳುವವಳಲ್ಲ. ಕಿವಿ ಮಂದವಾದಾಗಿನಿಂದ ಬಂದ ಅಭ್ಯಾಸ ಅದು. ಒಂದು ಸಲ ಕೇಳುವುದು, ಉತ್ತರ ಬರದಿದ್ದರೆ ಬಂದಿತ್ತೇನೋ, ತನಗೇ ಕೇಳಿಸಲಿಲ್ಲವೇನೋ ಎಂದು ಸುಮ್ಮನಾಗುವುದು. ಆ ಅಭ್ಯಾಸದ ಲಾಭವನ್ನು ಮನೆಯವರೆಲ್ಲ ಅಷ್ಟಿಷ್ಟು ಪಡೆದುಕೊಂಡೇ ಇದ್ದರು. ಆದರೆ ಕಿವಿ ಕೇಳದ ಅಕ್ಕನ ಮುಂದೆ ಎರಡೂ ಕಿವಿ ನೆಟ್ಟಗಿರುವ ತಮ್ಮ ಜಾಣಕಿವುಡನಾಗಿ ನಿಲ್ಲುವುದೆಂದರೆ, ಅದೂ ಐವತ್ತು ದಾಟಿದ ಗಂಡಸು ಬಚ್ಚಲಮನೆಯಲ್ಲಿ ಅಡಗಿಕೊಂಡು! ಅವನು ಕನ್ನಡಿಯಲ್ಲಿ ಕಣ್ಣಿಗೆ ಕಣ್ಣು ಕೊಡದೆ ಗಡ್ಡ ಕೆರೆಯತೊಡಗಿ ಗದ್ದದ ಕೆಳಗೆ ಕೊಯ್ದುಕೊಂಡ.

ಕೊನೇ ದಿನ ಎಂದರೆ ಕಿವಿಯ ಮಿಷನ್ನನ್ನು ವಾಪಸ್ಸು ಕೊಡುವುದಕ್ಕೆ ಕೊನೆಯ ದಿನ. ಒಂದು ತಿಂಗಳು ಹಾಕಿಕೊಂಡು ನೋಡಿ, ಒಗ್ಗದಿದ್ದರೆ ತಂದುಕೊಡಿ, ದುಡ್ಡು ಪೂರ್ತಿ ಕಾರ್ಡಿಗೇ ವಾಪಸ್ಸಾಗುತ್ತೆ ಎಂದು ಅಂಗಡಿಯ ಹುಡುಗಿ ಹೇಳಿದ್ದಳು. ಆ ‘ಕಾರ್ಡಿಗೇ’ ಎಂಬ ಮಾತು ಅವತ್ತೇ ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ದುಡ್ಡು ವಾಪಸ್ಸಾದರೆ ಆ ದುಡ್ಡಿನಿಂದ ಕ್ರೆಡಿಟ್ ಕಾರ್ಡಿನಲ್ಲಿ ಹುಟ್ಟಿದ ಪಾಯಿಂಟುಗಳೂ ವಾಪಸ್ಸು. ಪಾಯಿಂಟು ವಾಪಸ್ಸಾದರೆ ಹೋದ ವಾರ ಕೈಗೆ ಬಂದ ಗೋಲ್ಡೂ ವಾಪಸ್ಸು. ಗೋಲ್ಡು ಎಂದರೆ ಕೊರಳಿಗೆ ಹಾಕುವುದಲ್ಲ. ವಿಮಾನ ಕಂಪನಿಗಳದೊಂದು ದೊಡ್ಡ ಕೂಟವಿದೆ. ಆ ಕೂಟದ ಯಾವ ವಿಮಾನ ಹತ್ತಿದರೂ ಗೋಲ್ಡಿನವರಿಗೆ ಬೇರೆ ಸಾಲು, ಬೇರೆ ಕೋಣೆ, ಬೇರೆ ನಗು. ಅವನ ಕೆಲಸ ಲಿಫ್ಟು ತಪಾಸಣೆ. ದೊಡ್ಡ ದೊಡ್ಡ ಕಟ್ಟಡಗಳ ನೆತ್ತಿಯ ಮೇಲೆ ಗ್ರೀಸು ನಾರುವ ಪುಟ್ಟ ಕೋಣೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಉಕ್ಕಿನ ಹಗ್ಗಗಳನ್ನು ಚಿಂದಿ ಬಟ್ಟೆಯಿಂದ ಸವರಿ, ಬಟ್ಟೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಎಳೆ ಹರಿದಿದೆ ಎಂದು ಗುರುತು ಹಾಕುವುದು. ಆಫೀಸಿನಲ್ಲಿ ಅವನಿಗೆ ಹಗ್ಗದಯ್ಯ ಎಂದೇ ಹೆಸರು. ಹಗ್ಗ ನೋಡಲೆಂದು ಕಂಪನಿ ವರ್ಷಗಟ್ಟಲೆ ಅವನನ್ನು ಊರಿಂದೂರಿಗೆ ಹಾರಿಸಿತು. ಆಮೇಲೆ ಹಗ್ಗಕ್ಕೇ ಕಣ್ಣು ಬಂತು. ಅದೆಂಥದೋ ಸೆನ್ಸರು ಕೂರಿಸಿದರು, ಅದು ಇದ್ದಲ್ಲಿಂದಲೇ ವರದಿ ಒಪ್ಪಿಸತೊಡಗಿತು, ಹಗ್ಗದಯ್ಯನ ಹಾರಾಟ ಮುಗಿಯಿತು. ಹಾರದವನಿಗೆ ಗೋಲ್ಡು ಎಲ್ಲಿಂದ ಬರಬೇಕು? ಅಕ್ಕನಿಗೆ ಒಮ್ಮೆ ಇದನ್ನೆಲ್ಲ ವಿವರಿಸಲು ಹೋಗಿ, ಸ್ಟೇಟಸ್ ಎಂದರೆ ಅವಳಿಗೆ ತಲುಪದೆ, ‘ಅಂತಸ್ತು ಅಕ್ಕಾ, ಅಂತಸ್ತು!’ ಎಂದು ಕಿರುಚಿದ್ದ. ‘ಎಷ್ಟನೇ ಅಂತಸ್ತೋ? ಮತ್ತೆ ಲಿಫ್ಟು ಕೆಟ್ಟೋಯ್ತಾ?’ ಎಂದಿದ್ದಳು ಅವಳು ಕಳವಳದಿಂದ. ಹೆಂಡತಿ ನಕ್ಕೂ ನಕ್ಕೂ ಕುರ್ಚಿಯ ಕೈ ಹಿಡಿದುಕೊಂಡಿದ್ದಳು.

ನಗುವವರಿಗೇನು, ನಕ್ಕು ಹಗುರಾಗುತ್ತಾರೆ. ಆ ಗಾಜಿನ ಬಾಗಿಲ ಮುಂದೆ ನಿಂತವರು ಅವರಲ್ಲವಲ್ಲ. ಹೋದ ವರ್ಷ ಕೆಲಸದ ಮೇಲೆ ಹೊರಟಿದ್ದ. ಜೊತೆಗೆ ಆಫೀಸಿಗೆ ಹೊಸದಾಗಿ ಸೇರಿದ್ದ ಎಂಜಿನಿಯರು, ಎಲ್ಲರೂ ಮರಿ ಎಂಜಿನಿಯರ್ ಎಂದು ಕರೆಯುತ್ತಿದ್ದವನು. ವಿಮಾನ ತಡವೆಂದು ಬೋರ್ಡಿನಲ್ಲಿ ಬಂದಾಗ ಹಗ್ಗದಯ್ಯ ದೊಡ್ಡ ಮನಸ್ಸು ಮಾಡಿ, ‘ಬಾರಯ್ಯ, ಇಲ್ಲಿ ಈ ಜಾತ್ರೇಲಿ ಏನು ಕೂರ್ತೀಯ, ಒಳಗೆ ಹೋಗಿ ಕಾಫಿ ಕುಡಿಯೋಣ, ನನ್ನ ಜೊತೆ ಒಬ್ಬರನ್ನ ಬಿಡ್ತಾರೆ’ ಎಂದು ಅವನ ಹೆಗಲ ಮೇಲೆ ಕೈಯಿಟ್ಟು ಕರೆದುಕೊಂಡು ಹೋಗಿದ್ದ. ಗೋಲ್ಡಿನವರ ಕೋಣೆಯ ಗಾಜಿನ ಬಾಗಿಲಲ್ಲಿ ಕೂತವಳು ಪಾಸು ಉಜ್ಜಿ ನೋಡಿದಳು, ಇನ್ನೊಮ್ಮೆ ಉಜ್ಜಿದಳು, ಆಮೇಲೆ ದನಿ ತಗ್ಗಿಸಿ, ‘ಸರ್, ನಿಮ್ಮ ದರ್ಜೆ ಇಳಿದಿದೆ’ ಎಂದಳು. ದನಿ ತಗ್ಗಿಸಿದ್ದೇ ತಪ್ಪಾಯಿತು. ಹಿಂದೆ ನಿಂತವರೆಲ್ಲ ಕುತ್ತಿಗೆ ಮುಂದೆ ಚಾಚಿದರು. ಅವನು ಹೆಗಲ ಮೇಲಿನ ಕೈ ತೆಗೆಯುವುದನ್ನೂ ಮರೆತು ನಿಂತಿದ್ದಾಗ ಆ ಮರಿ ಎಂಜಿನಿಯರು ನಾಚುತ್ತ ತನ್ನ ಜೇಬಿನಿಂದ ಫೋನು ತೆಗೆದು, ‘ಪರವಾಗಿಲ್ಲ ಸರ್, ನನಗಿದೆ, ನೀವೇ ನನ್ನ ಜೊತೆ ಬನ್ನಿ’ ಎಂದ. ಹೋದ. ಹೋಗಬಾರದಿತ್ತು, ಆದರೂ ಹೋದ. ತನ್ನ ಕೈಕೆಳಗಿನವನ ಅತಿಥಿಯಾಗಿ ಮೆತ್ತನೆ ಸೋಫಾದ ತುದಿಯಲ್ಲಿ ಕೂತ. ಆ ಹುಡುಗನೇ ಪ್ಲೇಟಿನಲ್ಲಿ ಏನೇನೋ ತುಂಬಿ ತಂದುಕೊಟ್ಟ. ಪಾಪ, ಒಳ್ಳೆಯ ಹುಡುಗ; ಅದೇ ಸಹಿಸಲಾಗದ್ದು. ಇಳಿದಿದೆ, ಇಳಿದಿದೆ ಎಂದು ಆ ಕಾಫಿ ಗಂಟಲಿಂದ ಇಳಿಯುವಾಗಲೂ ಅಂದ ಹಾಗಾಯಿತು. ಲಿಫ್ಟಿನ ಹಗ್ಗ ಹರಿದರೂ ಲಿಫ್ಟು ಬೀಳುವುದಿಲ್ಲ, ಕೆಳಗಿನ ಹಿಡಿಕೆಗಳು ಹಳಿಯನ್ನು ಕಚ್ಚಿ ಹಿಡಿಯುತ್ತವೆ ಎಂದು ಅವನು ಎಷ್ಟೋ ಜನರಿಗೆ ಧೈರ್ಯ ಹೇಳಿದವನು. ಮನುಷ್ಯನಿಗೆ ಅಂಥ ಹಿಡಿಕೆ ಯಾರೂ ಮಾಡಿಟ್ಟಿಲ್ಲ.

‘ಹಾರೋದೇ ಬೇಡ ಸರ್, ಉಜ್ಜಿದ್ರೆ ಸಾಕು’ ಎಂದು ಆ ಕೋಣೆಯಲ್ಲೇ ಮರಿ ಎಂಜಿನಿಯರು ಉಪದೇಶ ಮಾಡಿದ್ದು. ವಿಮಾನ ಕಂಪನಿಯ ಹೆಸರು ಹೊತ್ತ ಒಂದು ಕ್ರೆಡಿಟ್ ಕಾರ್ಡು. ಅದರಲ್ಲಿ ಸೋಪಿನಿಂದ ಸೋಫಾದವರೆಗೆ ಏನು ಕೊಂಡರೂ ಹಾರಿದಷ್ಟೇ ಪುಣ್ಯ. ಅವತ್ತಿನಿಂದ ಅವನು ಉಜ್ಜಿದ. ಹೋಟೆಲಿನಲ್ಲಿ ಗೆಳೆಯರು ಜೇಬಿಗೆ ಕೈ ಹಾಕುವ ಮುಂಚೆಯೇ ‘ನಾನ್ ಕೊಡ್ತೀನಿ ಬಿಡ್ರಯ್ಯ’ ಎಂದು ಎದ್ದು, ಆಮೇಲೆ ಮೆಲ್ಲಗೆ ತಲೆಗಿಷ್ಟು ಎಂದು ವಸೂಲಿ ಮಾಡಿದ. ಪಕ್ಕದ ಮನೆಯವರು ಫ್ರಿಜ್ಜು ಕೊಳ್ಳಲು ಹೊರಟರೆ ಜೊತೆಗೆ ತಾನೂ ಹೋದ. ಷಡ್ಡಕನ ಮಗಳ ಕಾಲೇಜಿನ ಫೀಸು ತಾನೇ ಕಟ್ಟಿದ. ಕೊಟ್ಟ ದುಡ್ಡು ಮನೆಗೆ ವಾಪಸ್ಸು ಬರುತ್ತಿತ್ತು, ಅದರ ಜೊತೆಗೆ ಕಷ್ಟಕ್ಕಾಗುವ ಮನುಷ್ಯ ಎಂಬ ಹೆಸರೂ ಬಂತು. ಒಂದು ಕಲ್ಲಿಗೆ ಎರಡು ಹಕ್ಕಿ. ಹೆಂಡತಿ ಮಾತ್ರ, ಅವಳು ಶಾಲೆಯಲ್ಲಿ ಗಣಿತ ಹೇಳುವವಳು, ‘ಏನ್ರೀ, ವಿಮಾನದ ಅಳಿಯಂದಿರೇ, ಇವತ್ತು ಯಾರ ಮನೆ ಸಾಮಾನು?’ ಎಂದು ಕೆಣಕುತ್ತಿದ್ದಳು. ವರ್ಷ ಮುಗಿಯುತ್ತ ಬಂದರೂ ಗೋಲ್ಡಿಗೆ ಇನ್ನೊಂದು ಮೆಟ್ಟಿಲು ಬಾಕಿ ಉಳಿಯಿತು. ಮನೆಯಲ್ಲಿ ಕೊಳ್ಳುವುದಕ್ಕೆ ಏನೂ ಉಳಿದಿರಲಿಲ್ಲ. ಒಂದು ಬೆಳಿಗ್ಗೆ ಊಟದ ಮೇಜಿನ ಎದುರು ಕೂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಅಕ್ಕನನ್ನು ‘ಉಪ್ಪು ಕೊಡು’ ಎಂದು ಮೂರು ಸಲ ಕೂಗಿ ಕೇಳಿ, ಕೊನೆಗೆ ತಾನೇ ಎದ್ದು ತೆಗೆದುಕೊಳ್ಳುವಾಗ ಅವನ ಕಣ್ಣು ಅವಳ ಕಿವಿಯ ಮೇಲೆ ಬಿತ್ತು.

ಅಯ್ಯೋ, ಅದನ್ನು ನೆನೆದರೇ ಮೈಯೆಲ್ಲ ಕಾದ ಹಾಗಾಗುತ್ತದೆ. ಆ ಕಿವಿ ಕೇಳದೆ ಎಷ್ಟು ಕಾಲವಾಗಿತ್ತು! ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಇಡೀ ನೌಕರಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ದುಡಿದವಳು; ಮದುವೆಯಾಗದೆ, ಅಪ್ಪ ಅಮ್ಮನನ್ನು ನೋಡಿಕೊಂಡು, ತಮ್ಮನನ್ನು ಓದಿಸಿ, ನಿವೃತ್ತಿಯಾಗಿ ತಮ್ಮನ ಮನೆಯ ಹಿಂದಿನ ಕೋಣೆಗೆ ಬಂದವಳು. ಬರುವಾಗಲೇ ಕಿವಿ ಮಂದವಾಗಿತ್ತು. ವಯಸ್ಸಾಯಿತಲ್ಲ ಎಂದರು. ಅವಳ ಮುಂದೆಯೇ ಅವಳ ವಿಚಾರ ಮಾತಾಡಿದರು, ಜಗಳವಾಡಿದರು, ಫೋನಿನಲ್ಲಿ ಸುಳ್ಳು ಹೇಳಿದರು. ಅವಳು ನಡುವೆ ಕೂತು ಎಲ್ಲರ ಮುಖ ನೋಡಿ ನಗುತ್ತಿದ್ದಳು, ಏನೋ ಸಂತೋಷದ ಮಾತೇ ಇರಬೇಕು ಎಂಬ ಹಾಗೆ. ಇಷ್ಟು ವರ್ಷ ಕಾಣದ ಕಿವಿ ಆ ಬೆಳಿಗ್ಗೆ ಅವನಿಗೆ ಕಂಡಿತು. ಕಂಡದ್ದು ಕಿವಿಯೋ, ಬಾಕಿ ಉಳಿದ ಮೆಟ್ಟಿಲೋ? ಎರಡೂ ಒಟ್ಟಿಗೆ ಕಂಡವು, ಅಷ್ಟರಲ್ಲಿ ತಪ್ಪೇನು ಎಂದು ಒಂದು ಮನಸ್ಸು ಹೇಳಿತು. ಇನ್ನೊಂದು ಮನಸ್ಸು ಏನೂ ಹೇಳಲಿಲ್ಲ. ಅದು ಸುಮ್ಮನಿದ್ದು ಅವನನ್ನೇ ನೋಡುತ್ತಿತ್ತು.

ಅಂಗಡಿಯಲ್ಲಿ ಹುಡುಗಿ ಎರಡು ಬಗೆ ತೋರಿಸಿದಳು. ಒಂದು ಸಾದಾ, ಕಿವಿಯ ಹಿಂದೆ ಕೂರುವಂಥದು. ಅದನ್ನು ಹಾಕಿದ ಕೂಡಲೇ ಅಕ್ಕ ಅವನ ಕಡೆ ತಿರುಗಿ, ‘ಏನಾದ್ರೂ ಮಾತಾಡೋ’ ಎಂದಳು. ‘ಏನು ಮಾತಾಡ್ಲಿ?’ ಎಂದ. ಅವಳ ಕಣ್ಣು ತುಂಬಿತು. ‘ಇದ್ರಲ್ಲಿ ನಿನ್ನ ದನಿ ನಿನ್ನ ದನಿ ಥರಾನೇ ಇದೆ ಕಣೋ. ಸ್ವಲ್ಪ ದಪ್ಪ ಆಗಿದೆ ಅಷ್ಟೆ. ಇದೇ ಸಾಕು.’ ಇದೇ ಸಾಕು ಎಂದರೆ ಅವನಿಗೆ ಸಾಕಾಗುತ್ತಿರಲಿಲ್ಲ. ಸಾದಾ ಮಿಷನ್ನಿನ ಬೆಲೆಯಿಂದ ಮೆಟ್ಟಿಲು ಹತ್ತುವಂತಿರಲಿಲ್ಲ. ಅವನು ಇನ್ನೊಂದನ್ನು, ಎರಡೂ ಕಿವಿಯೊಳಗೆ ಕೂರುವ ಹುರುಳಿಕಾಳಿನಷ್ಟು ಸಣ್ಣ ದುಬಾರಿ ಜೋಡಿಯನ್ನು ತರಿಸಿದ. ‘ತಗೊಳ್ಳೋದು ತಗೋತೀವಿ, ಒಳ್ಳೇದನ್ನೇ ತಗೊಳ್ಳೋಣಕ್ಕ. ದಿನಾ ತಗೋತೀವಾ?’ ಎಂದ. ಅದನ್ನು ಹಾಕಿದಾಗ ಅಕ್ಕ ಬೆಚ್ಚಿದಳು. ಕುರ್ಚಿ ಎಳೆದದ್ದು, ಕಾಗದ ಮಡಿಸಿದ್ದು, ಹೊರಗಿನ ಹಾರನ್ನು, ಎಲ್ಲ ಒಂದೇ ಸಲ ನುಗ್ಗಿತು. ‘ತುಂಬಾ ಜನ ಒಟ್ಟಿಗೆ ಮಾತಾಡಿದ ಹಾಗಿದೆ’ ಎಂದಳು. ಒಗ್ಗುತ್ತೆ ಬಿಡಕ್ಕ ಎಂದ. ದುಡ್ಡು ಅಕ್ಕನದೇ, ನಿವೃತ್ತಿಯಾದಾಗ ಬಂದು ಬ್ಯಾಂಕಿನಲ್ಲಿದ್ದದ್ದನ್ನು ಬಿಡಿಸಿ ಅವನ ಖಾತೆಗೆ ಹಾಕಿದಳು, ಅವನು ಕಾರ್ಡು ಉಜ್ಜಿದ. ದುಡ್ಡು ಅಕ್ಕನದು, ಕಿವಿ ಅಕ್ಕನದು, ತಲೆನೋವು ಅಕ್ಕನದು. ಉಜ್ಜಿದ ಕಾರ್ಡು ಮಾತ್ರ ಅವನದು. ರಸೀದಿ ಮಡಿಸಿ ಜೇಬಿಗಿಡುವಾಗ ಅಕ್ಕ ಆ ಹುಡುಗಿಯ ಕೈ ಹಿಡಿದುಕೊಂಡು, ‘ಇಷ್ಟು ವರ್ಷ ನನ್ನ ಕಿವಿ ಬಗ್ಗೆ ಯಾರೂ ಕೇಳಿರಲಿಲ್ಲಮ್ಮ. ಇವನೇ ರಜಾ ಹಾಕಿ ಕರ್ಕೊಂಡು ಬಂದ. ನನ್ನ ತಮ್ಮ ಚಿನ್ನ ಕಣಮ್ಮ, ಚಿನ್ನ’ ಎಂದಳು. ಹುಡುಗಿ ನಕ್ಕಳು. ಅವನೂ ನಗಬೇಕಾಯಿತು.

ಆಮೇಲಿನ ದಿನಗಳು ಹೇಗೆ ಹೋದವೋ. ಅಕ್ಕ ಚಮಚವನ್ನು ಮೇಜಿನ ಮೇಲೆ ಇಡುವಾಗ ಮಗುವನ್ನು ಮಲಗಿಸುವ ಹಾಗೆ ಮೆಲ್ಲಗೆ ಇಡತೊಡಗಿದಳು. ಕುಕ್ಕರು ಕೂಗಿದರೆ ಹಿತ್ತಲಿಗೆ ಓಡುತ್ತಿದ್ದಳು. ಸಂಜೆಯಾದರೆ ಹಣೆಗೆ ಒದ್ದೆ ಬಟ್ಟೆ. ‘ಆ ಮೊದಲನೇದೇ ಚೆನ್ನಾಗಿತ್ತೇನೋ ಪುಟ್ಟ’ ಎಂದು ಒಂದು ಸಲ, ಒಂದೇ ಸಲ, ಅಂದಳು. ‘ಹೊಸ ಚಪ್ಪಲಿನೂ ಕಚ್ಚುತ್ತೆ ಅಕ್ಕ, ಹಾಕ್ಕೋತಾ ಹಾಕ್ಕೋತಾ ಸರಿಹೋಗುತ್ತೆ’ ಎಂದ. ಹೌದಲ್ವಾ ಎಂದು ಒಪ್ಪಿಕೊಂಡಳು. ಅವನ ಮಾತನ್ನು ಅವಳು ಒಪ್ಪದೇ ಇದ್ದದ್ದು ಯಾವಾಗ? ಹೋದ ವಾರ ಫೋನಿನಲ್ಲಿ ಅಭಿನಂದನೆಯ ಸಂದೇಶ ಬಂತು, ಕೆಳಗೊಂದು ಹೊಂಬಣ್ಣದ ಕಾರ್ಡಿನ ಚಿತ್ರ, ಅದರ ಮೇಲೆ ಅವನ ಪೂರ್ತಿ ಹೆಸರು. ಖುಷಿಯಾಯಿತು, ಸುಳ್ಳೇಕೆ. ಆಫೀಸಿನ ಪಾಯಿಖಾನೆಯಲ್ಲಿ ಕೂತು ಆ ಚಿತ್ರವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ. ಮನೆಗೆ ಬಂದರೆ ಹಿಂದಿನ ಕೋಣೆಯ ದೀಪ ಆರಿತ್ತು. ಅಕ್ಕ ಮಿಷನ್ನು ತೆಗೆದು ಡಬ್ಬಿಯಲ್ಲಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ್ದಳು, ಇನ್ನೂ ಸಂಜೆಯ ಬೆಳಕು ಹೋಗಿರಲಿಲ್ಲ.

ಗದ್ದದ ಗಾಯಕ್ಕೆ ಹತ್ತಿ ಒತ್ತಿಕೊಂಡು ಹೊರಗೆ ಬಂದಾಗ ಬಾಗಿಲಲ್ಲಿ ಅಕ್ಕ ಇರಲಿಲ್ಲ, ಹೆಂಡತಿ ಇದ್ದಳು. ‘ರೀ, ಅತ್ತಿಗೆ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಹೋಗಿ ಕೊಟ್ಟು ಬನ್ನಿ. ಆ ಸಾದಾದೇ ಸಾಕು ಅವರಿಗೆ’ ಎಂದಳು. ‘ಹೋಗೋಣ, ಸಂಜೆ ಹೋಗೋಣ.’ ‘ಸಂಜೆ ಯಾಕೆ? ಇವತ್ತು ರಜಾ ತಾನೆ? ನಿಮ್ಮ ಗೋಲ್ಡೂ ಬಂತಲ್ಲ, ಇನ್ನೇನು ಅಡ್ಡಿ?’ ಅವಳಿಗೆ ತಿಳಿದಿತ್ತೋ, ಸುಮ್ಮನೆ ಅಂದಳೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನ ಕೈ ಫೋನಿದ್ದ ಜೇಬಿಗೆ ಹೋಯಿತು. ಕೆಲಸ ಇದೆ ಮಾರಾಯ್ತಿ ಎಂದು ರೇಗಿದ. ರೇಗಿದ್ದು ಹೆಚ್ಚಾಯಿತು ಎಂದು ಅವನಿಗೇ ಗೊತ್ತಾಯಿತು. ಅವಳು, ಲೆಕ್ಕ ಮಾಡಿ ತೋರಿಸದೆ ಬರೀ ಉತ್ತರ ಬರೆದ ಹುಡುಗನನ್ನು ನೋಡುವ ಹಾಗೆ ನೋಡಿ ಒಳಗೆ ಹೋದಳು. ಕೆಲಸ ಹುಟ್ಟಿಸಿಕೊಂಡ. ಯಾವತ್ತೋ ಸಡಿಲವಾದ ಬೀರುವಿನ ಕೀಲು ಬಿಗಿದ, ಕಾರು ತೊಳೆದ, ತೊಳೆದ ಕಾರನ್ನು ಒರೆಸಿದ. ಕಿಟಕಿಯ ಒಳಗೆ ಅಕ್ಕ ಮಿಷನ್ನಿನ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು, ಶಾಲು ಹೊದ್ದು, ಹೊರಡಲು ತಯಾರಾಗಿ ಕೂತಿರುವುದು ಕಾಣುತ್ತಿತ್ತು. ಮಧ್ಯಾಹ್ನದ ಊಟಕ್ಕೂ ಶಾಲು ತೆಗೆಯಲಿಲ್ಲ. ಬೇಗ ಹೋಗೋಣ ಅಂತಲೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊರಟಾಗ ಬಿಸಿಲು ಇಳಿದಿತ್ತು. ಅಂಗಡಿ ಕತ್ತಲಾಗುವ ಮುಂಚೆ ಬಾಗಿಲು ಹಾಕುತ್ತದೆಂದು ಅವನಿಗೆ ಗೊತ್ತು. ನೇರ ದಾರಿ ಬಿಟ್ಟು ಸೇತುವೆಯ ದಾರಿ ಹಿಡಿದ, ಅಲ್ಲಿ ಕೆಲಸ ನಡೆಯುತ್ತಿದೆ, ಕಾರುಗಳು ಒಂದರ ಹಿಂದೆ ಒಂದು ತೆವಳುತ್ತಿರುತ್ತವೆ. ಪೆಟ್ರೋಲು ಇದ್ದರೂ ಪೆಟ್ರೋಲಿಗೆ ನಿಂತ. ಚಕ್ರಕ್ಕೆ ಗಾಳಿ ಹೊಡೆಸಿದ. ತಾನು ಅಕ್ಕನನ್ನು ಕರೆದುಕೊಂಡು ಹೋಗುತ್ತಲೇ ಇದ್ದೇನಲ್ಲ, ಇಲ್ಲ ಅಂದೆನೇ, ದಾರಿ ಹೀಗಿದ್ದರೆ ನಾನೇನು ಮಾಡಲಿ ಎಂದು ಯಾರಿಗೋ ವಾದ ಒಪ್ಪಿಸುತ್ತ ಹೋದ. ಅಕ್ಕ ಪಕ್ಕದಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಆಚೆ ನೋಡುತ್ತಿದ್ದಳು. ಸೇತುವೆಯ ಮೇಲೆ ಸಾಲು ನಿಂತಿದ್ದಾಗ ಫೋನು ಬಂತು. ಗುಂಡಿ ಒತ್ತಿದ. ಮರಿ ಎಂಜಿನಿಯರನ ದನಿ ಕಾರಿನ ತುಂಬ ತುಂಬಿತು. ‘ಏನ್ ಸರ್, ಗೋಲ್ಡ್ ಆಯ್ತಂತೆ! ಹೇಳ್ಲೇ ಇಲ್ಲ. ಪಾರ್ಟಿ ಯಾವಾಗ?’

ಹೊಗಳಿಕೆ ಎಂದರೆ ಹಾಗೆ. ಇಡೀ ದಿನ ಕುಗ್ಗಿದವನು ಒಂದು ಗಳಿಗೆ ಉಬ್ಬಿದ. ‘ಅಯ್ಯೋ, ನನ್ನದೇನಿಲ್ಲ ಕಣಯ್ಯ, ಎಲ್ಲಾ ನಮ್ಮಕ್ಕನ ಕಿವಿ ದಯೆ’ ಎಂದು ನಕ್ಕ. ‘ಕಿವಿಗೆ ಹಾಕಿದ್ದು ಅವಳಿಗೆ, ಚಿನ್ನ ಬಂದಿದ್ದು ನನಗೆ!’ ಆ ಕಡೆಯವನೂ ನಕ್ಕ. ‘ಮತ್ತೆ ವಾಪಸ್ ಕೊಡ್ತಾರೆ 	ಅಂತಿದ್ರಿ? ಕೊಟ್ರೆ ಪಾಯಿಂಟ್ ಹೋಗುತ್ತೆ ಸರ್, ಹುಷಾರು.’ ‘ಕೊಡ್ಬೇಕು ಅಂತಾಳೆ, ತಲೆನೋವಂತೆ. ಅದಕ್ಕೇ ಊರೆಲ್ಲ ಸುತ್ತು ಹಾಕ್ಕೊಂಡು ಹೋಗ್ತಿದೀನಿ. ಬಾಗಿಲು ಹಾಕೋ ಹೊತ್ತಿಗೆ ಮುಟ್ಟಿದ್ರೆ ಸರಿ, ನಾಳೆಯಿಂದ ಯಾರೂ ತಗೊಳ್ಳಲ್ಲ.’ ‘ಏ ಸರ್, ಪಕ್ಕದಲ್ಲೇ ಇದಾರಾ?’ ‘ಇದಾಳೆ, ಅವಳಿಗೇನು ಕೇಳ್ಸುತ್ತೆ ಬಿ...’

ಬಿಡು ಎಂಬ ಮಾತಿನ ‘ಡು’ ಬಾಯಲ್ಲೇ ಉಳಿಯಿತು. ಇಷ್ಟು ವರ್ಷದ ರೂಢಿ. ಅಕ್ಕ ಇದ್ದರೆ ಗೋಡೆ ಇದ್ದ ಹಾಗೆ ಎಂದು ನಾಲಿಗೆ ಕಲಿತುಬಿಟ್ಟಿತ್ತು. ಅವಳ ಕಿವಿಯಲ್ಲಿ ಈಗ ಊರಿನಲ್ಲೇ ಅತ್ಯಂತ ಒಳ್ಳೆಯ ಮಿಷನ್ನಿದೆ, ತಾನೇ ಆರಿಸಿ ತಾನೇ ಹಾಕಿಸಿದ್ದು, ಎಂಬುದನ್ನು ನಾಲಿಗೆಗೆ ಯಾರೂ ಹೇಳಿರಲಿಲ್ಲ. ಆಮೇಲೆ ಮಾಡ್ತೀನಿ ಎಂದು ಫೋನು ಆರಿಸಿದ. ಕತ್ತು ತಿರುಗಿಸದೆ ಕಣ್ಣು ಮಾತ್ರ ತಿರುಗಿಸಿ ನೋಡಿದ. ಅಕ್ಕ ಕಿಟಕಿಯ ಆಚೆಯೇ ನೋಡುತ್ತಿದ್ದಳು. ಬಿಳಿಕೂದಲು ಕಿವಿಯ ಮೇಲೆ ಇಳಿದಿತ್ತು. ಒಳಗೆ ಮಿಷನ್ನಿದೆಯೋ, ಬೀದಿಯ ಗದ್ದಲಕ್ಕೆ ಹೆದರಿ ತೆಗೆದು ಡಬ್ಬಿಗೆ ಹಾಕಿದ್ದಾಳೋ ತಿಳಿಯಲಿಲ್ಲ. ತೆಗೆದಿರಬೇಕು. ತೆಗೆದೇ ಇರುತ್ತಾಳೆ. ಅವನು ಉಸಿರಿನಷ್ಟು ಮೆಲ್ಲಗೆ, ಅಕ್ಕಾ, ಎಂದ. ಅವಳು ತಿರುಗಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮುಂದಿನ ಕಾರು ಚಲಿಸಿತು, ಅವನೂ ಬಿಟ್ಟ, ಸೇತುವೆ ಇಳಿದು ಎಡಕ್ಕೆ ಹೊರಳಿದ. ಸ್ವಲ್ಪ ದೂರ ಹೋದ ಮೇಲೆ ಅಕ್ಕ ಕಿಟಕಿಯ ಕಡೆಗೇ ಮುಖ ಇಟ್ಟುಕೊಂಡು ಹೇಳಿದಳು: ‘ಅದೇನೋ ಟಿಕ್ ಟಿಕ್ ಅಂತಿದೆ ಪುಟ್ಟ. ಆರಿಸೋ.’

ಹೊರಳುವಾಗ ಹಾಕಿದ ಇಂಡಿಕೇಟರು ಇನ್ನೂ ಬಡಿದುಕೊಳ್ಳುತ್ತಿತ್ತು. ಅವನಿಗೇ ಕೇಳಿಸಿರಲಿಲ್ಲ. ಆರಿಸಿದ. ಆಗ, ಯಾಕೋ, ಎಕ್ಸ್‌ಚೇಂಜಿನ ಆ ಉದ್ದನೆ ಕೋಣೆ ಕಣ್ಣ ಮುಂದೆ ಬಂತು. ಶಾಲೆ ಬಿಟ್ಟ ಮೇಲೆ ಅಲ್ಲಿಗೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದ. ಸಾಲಾಗಿ ಕೂತ ಹೆಂಗಸರು, ಅವರ ಮುಂದೆ ಸಾವಿರ ತೂತಿನ ಹಲಗೆ, ಅಕ್ಕನ ಕೈ ವೈರು ಎಳೆದು ಒಂದು ತೂತಿನಿಂದ ಇನ್ನೊಂದಕ್ಕೆ ಸಿಕ್ಕಿಸುವ ವೇಗ. ‘ಅವರೆಲ್ಲ ಏನೇನು ಮಾತಾಡ್ತಾರಕ್ಕ?’ ಎಂದು ಕೇಳಿದರೆ, ‘ನಾವು ಲೈನ್ ಕೊಡ್ತೀವಿ, ಕೇಳಿಸ್ಕೊಳ್ಳಲ್ಲ’ ಅನ್ನುತ್ತಿದ್ದಳು. ‘ಕಿವೀಲೇ ಇರುತ್ತಲ್ಲ, ಕೇಳ್ಸೇ ಕೇಳ್ಸುತ್ತೆ!’ ‘ಕೇಳ್ಸುತ್ತೆ. ಕೇಳಿಸ್ಕೊಳ್ಳಲ್ಲ’ ಎಂದು ನಕ್ಕು ಅವನ ಬಾಯಿಗೆ ಪೆಪ್ಪರ್‌ಮಿಂಟು ಹಾಕುತ್ತಿದ್ದಳು. ಎಷ್ಟು ಜನರ ಗುಟ್ಟು ಆ ಕಿವಿಯಲ್ಲಿ ಹಾದುಹೋಗಿತ್ತೋ, ಒಂದೂ ಬಾಯಿಗೆ ಇಳಿದು ಬರಲಿಲ್ಲ. ಕಾರು ಈಗ ವೇಗವಾಗಿ ಓಡುತ್ತಿತ್ತು. ಅವನು ಹಾರನ್ನು ಒತ್ತಲು ಹೋಗಿ ಅಕ್ಕನ ತಲೆ ನೆನಪಾಗಿ ಕೈ ಹಿಂದೆಗೆದ, ಸಂದಿಗೊಂದಿಗಳಲ್ಲಿ ನುಗ್ಗಿಸಿದ, ಕೆಂಪು ದೀಪ ಬೀಳುವ ಮುಂಚೆ ದಾಟಿಸಿದ. ಬಾಗಿಲು ಹಾಕಬಾರದು, ದೇವರೇ, ಬಾಗಿಲು ಹಾಕಿರಬಾರದು. ಬೆಳಗಿನಿಂದ ಯಾವ ಬಾಗಿಲು ಮುಚ್ಚಲಿ ಎಂದು ಕಾದಿದ್ದನೋ ಅದು ತೆರೆದಿರಲಿ ಎಂದು ಹರಕೆ ಹೊರುವ ಹಾಗಾಯಿತು.

ರೋಲಿಂಗ್ ಷಟರು ಅರ್ಧ ಇಳಿದಿತ್ತು. ಅಂಗಡಿಯ ಸೇವಕ ಕೊಕ್ಕೆ ಕೋಲು ಹಿಡಿದು ನಿಂತಿದ್ದ. ‘ಒಂದ್ನಿಮಿಷ, ಒಂದ್ನಿಮಿಷ ಯಜಮಾನ್ರೇ!’ ಎಂದು ಓಡಿ, ಬಗ್ಗಿ, ಷಟರಿನ ಕೆಳಗೆ ತಲೆ ತೂರಿಸಿದ. ಒಳಗೆ ಹುಡುಗಿ ಕಂಪ್ಯೂಟರು ಆರಿಸಲು ಕೈ ಚಾಚಿದ್ದವಳು ಅವನ ಹಿಂದೆ ಮೆಲ್ಲಗೆ ಬಗ್ಗಿ ಬಂದ ಅಕ್ಕನನ್ನು ಕಂಡು, ‘ಬನ್ನಿ ಅಮ್ಮ, ಕೂತ್ಕೊಳ್ಳಿ’ ಎಂದಳು. ‘ವಾಪಸ್ ಕೊಡೋಕೆ ಬಂದ್ವಿ, ಇವಳಿಗೆ ತಲೆನೋವಂತೆ’ ಎಂದ ಅವನು ಏದುಸಿರು ಬಿಡುತ್ತ. ‘ಸರಿ ಸರ್. ಮೊದಲು ಒಂದ್ಸಲ ಪರೀಕ್ಷೆ ಮಾಡ್ಬಿಡ್ತೀನಿ, ಮಿಷನ್ ಕೆಟ್ಟಿಲ್ಲ ಅಂತ ಬರೀಬೇಕು.’ ಅಕ್ಕನನ್ನು ಕೂರಿಸಿ, ತುಟಿ ಕಾಣದ ಹಾಗೆ ಮುಖಕ್ಕೆ ಕಾಗದ ಅಡ್ಡ ಹಿಡಿದು, ಹಿಂದೆ ಹಿಂದೆ ಗೋಡೆಯ ತನಕ ಸರಿದು, ಹುಡುಗಿ ಪಿಸುದನಿಯಲ್ಲಿ ಶುರುಮಾಡಿದಳು. ಹಲ್ಲು. ‘ಹಲ್ಲು’ ಎಂದಳು ಅಕ್ಕ. ಹುಲ್ಲು. ‘ಹುಲ್ಲು.’ ಹಾಲು. ‘ಹಾಲು.’ ಸಾಲು, ಸೋಲು, ಸುಳ್ಳು. ಅಕ್ಕ ಕಣ್ಣು ಮುಚ್ಚಿಕೊಂಡು ಎಕ್ಸ್‌ಚೇಂಜಿನಲ್ಲಿ ನಂಬರು ಮರಳಿ ಹೇಳುವವಳ ಹಾಗೆ ಒಂದೊಂದನ್ನೂ ಮರಳಿ ಹೇಳಿದಳು. ಬಾಗಿಲಲ್ಲಿದ್ದ ಸೇವಕ ಕೂಡ ಭಲೆ ಅಂದ. ‘ಎಲ್ಲಾ ಸರಿಯಿದೆ’ ಎಂದು ಹುಡುಗಿ ಕಾಗದದ ಮೇಲೆ ಗೀಟು ಹಾಕಿದಳು. ‘ಹಾಗಾದ್ರೆ ವಾಪಸ್ ಅಂತ ಬರೀಲಾ ಅಮ್ಮ?’

‘ಬೇಡಮ್ಮ. ಇಟ್ಕೋತೀನಿ’ ಎಂದಳು ಅಕ್ಕ.

ಮೊದಲು ಅವನಿಗೆ ಬಂದದ್ದು ಹಾಯೆನ್ನುವ ಉಸಿರು. ಅದು ಬಂತು, ಬಂದೇ ಬಂತು, ಅವನು ತಡೆಯುವ ಮುಂಚೆಯೇ ಎದೆಯಿಂದ ಇಳಿದು ಹೊಟ್ಟೆಯ ತನಕ ತಂಪಾಗಿ ಹರಡಿತು. ಥೂ, ಎಂದುಕೊಂಡ. ತನ್ನ ಮೇಲೆ ತನಗೆ ಇಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ, ಆ ಗಾಜಿನ ಬಾಗಿಲ ಮುಂದೆಯೂ ಆಗಿರಲಿಲ್ಲ. ‘ತಲೆನೋವು ಅಂತಿದ್ರಂತೆ?’ ಎಂದು ಹುಡುಗಿ ಕೇಳಿದಳು. ‘ಒಗ್ಗುತ್ತಮ್ಮ. ಎಲ್ಲಾ ಒಗ್ಗುತ್ತೆ’ ಎಂದಳು ಅಕ್ಕ. ಅವನು ಮುಂದೆ ಬಂದ. ‘ಇಲ್ಲ, ಅವಳಿಗೆ ಒಗ್ಗಿಲ್ಲ. ವಾಪಸ್ ತಗೊಳ್ಳಿ. ಆ ಸಾದಾದು ಕೊಡಿ.’ ಹುಡುಗಿ ಇಬ್ಬರ ಮುಖವನ್ನೂ ನೋಡಿದಳು. ‘ಅಮ್ಮನೇ ಹೇಳ್ಬೇಕು ಸರ್. ಹಾಕ್ಕೊಳ್ಳೋರು ಅವರು, ಸಹಿನೂ ಅವರದೇ ಬೇಕು.’ ಅವನು ಅಕ್ಕನ ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ‘ಅಕ್ಕಾ, ಬೇಡ. ಕೊಟ್ಟುಬಿಡೋಣ.’

ಅಕ್ಕ ತಲೆ ಸ್ವಲ್ಪ ಓರೆ ಮಾಡಿದಳು. ‘ಏನಂದೆ?’

‘ವಾಪಸ್ ಕೊಡೋಣ ಅಂದೆ.’

‘ಕೇಳಿಸ್ಲಿಲ್ಲ ಪುಟ್ಟ.’

‘ಅಕ್ಕಾ, ನಾನು ನಿನ್ನ ಕಿವಿಗೋಸ್ಕರ ಇದನ್ನ ತಗೊಳ್ಳಲಿಲ್ಲ’ ಎಂದ, ದನಿ ಏರಿಸಿ. ‘ಪಾಯಿಂಟಿಗೋಸ್ಕರ ತಗೊಂಡೆ. ನಿನ್ನ ದುಡ್ಡಲ್ಲಿ ನನ್ನ ಗೋಲ್ಡ್ ಮಾಡ್ಕೊಂಡೆ. ನಿನಗೆ ನೋವಾಗೋದು ಗೊತ್ತಿದ್ದೂ ಸುಮ್ನಿದ್ದೆ. ಬೇಕಂತಲೇ ಸುತ್ತು ಹಾಕ್ಕೊಂಡು ಬಂದೆ ಅಕ್ಕಾ, ಬೇಕಂತಲೇ!’ ಹುಡುಗಿಯ ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು. ಷಟರಿನ ಹತ್ತಿರದ ಸೇವಕ ಕೋಲನ್ನು ಗೋಡೆಗೆ ಒರಗಿಸಿ ಒಳಗೆ ಇಣುಕಿದ. ಬೀದಿಯಲ್ಲಿ ಹೋಗುತ್ತಿದ್ದ ಯಾರದೋ ಕಾಲುಗಳು ಷಟರಿನ ಕೆಳಗೆ ನಿಂತವು. ಎಲ್ಲರಿಗೂ ಕೇಳಿಸಿತ್ತು. ಅಕ್ಕ ಅವನ ತುಟಿಯನ್ನು ನೋಡುತ್ತಿರಲಿಲ್ಲ, ಕಣ್ಣನ್ನು ನೋಡುತ್ತಿದ್ದಳು. ಕೈ ಚಾಚಿ ಅವನ ಗದ್ದದ ಕೆಳಗೆ ಒಣಗಿ ಅಂಟಿಕೊಂಡಿದ್ದ ಹತ್ತಿಯನ್ನು ಮೆಲ್ಲಗೆ ಬಿಡಿಸಿದಳು.

‘ಏನೋ, ಒಂದೂ ಕೇಳಿಸ್ತಿಲ್ಲ ಕಣೋ’ ಎಂದಳು.

‘ಮಿಷನ್ ಸರಿಯಾಗೇ ಇದೆಯಲ್ಲ ಸರ್, ಈಗ ತಾನೇ...’ ಎಂದು ಹುಡುಗಿ ಬಾಯೊಳಗೇ ಗೊಣಗಿದಳು.

‘ಹೌದಮ್ಮ, ಸರಿಯಾಗಿದೆ’ ಎಂದು ಅಕ್ಕ ತಟಕ್ಕನೆ ಅವಳ ಕಡೆ ತಿರುಗಿದಳು. ‘ಇಟ್ಕೊಳ್ಳೋದಕ್ಕೆ ಎಲ್ಲಿ ಸಹಿ ಹಾಕ್ಬೇಕು?’

ಹುಡುಗಿ ಬೆರಳಿಟ್ಟು ತೋರಿಸಿದಳು. ಅಕ್ಕ ಚೀಲವನ್ನು ಪಕ್ಕಕ್ಕಿಟ್ಟು, ಕನ್ನಡಕ ಸರಿಮಾಡಿಕೊಂಡು, ಪೂರ್ತಿ ಹೆಸರು ಬರೆಯತೊಡಗಿದಳು. ಅವನು ನೆಲದ ಮೇಲೆ ಕೂತಲ್ಲಿಂದಲೇ, ಇನ್ನೂ ಜೋರಾಗಿ, ಮೊದಲಿನಿಂದ ಮತ್ತೆ ಹೇಳಲು ಶುರುಮಾಡಿದ.